ಊರಿಗೆ ಬೆಂಕಿ ತರುವುದು ಕಿಡಿ

2018ರ ನವೆಂಬರ್ 8ರ ಬೆಳಗ್ಗೆ ಆರೂವರೆಯ ಹೊತ್ತಿಗೆ ಉತ್ತರ ಕ್ಯಾಲಿಫೋರ್ನಿಯದ ಫೆದರ್ ನದಿ ಕಣಿವೆಯಲ್ಲಿ ಹಳೆಯ ವಿದ್ಯುತ್ ಗೋಪುರವೊಂದರ ಸವೆದ ಕೊಕ್ಕೆ ಮುರಿಯಿತು. ಕಳಚಿಬಿದ್ದ ತಂತಿ ಗೋಪುರಕ್ಕೆ ತಗುಲಿ ಕಿಡಿ ಉದುರಿತು. ಕೆಳಗೆ ತಿಂಗಳುಗಟ್ಟಲೆ ಮಳೆ ಕಾಣದ ಹುಲ್ಲು, ಮೇಲೆ ಬಿರುಸಿನ ಒಣಗಾಳಿ. ಕೆಲವೇ ಗಂಟೆಗಳಲ್ಲಿ ಕಾಳ್ಗಿಚ್ಚು ಸುಮಾರು 26,000 ಜನರಿದ್ದ ಪ್ಯಾರಡೈಸ್ ಊರನ್ನು ಹೊಕ್ಕಿತ್ತು. 85 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮುದುಕರು. 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು.

ಆಮೇಲೆ ತೆಗೆದ ಚಿತ್ರಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಮನೆಯಿದ್ದ ಜಾಗದಲ್ಲಿ ಬೂದಿ, ಪಕ್ಕದಲ್ಲೇ ಹಸಿರಾಗಿ ನಿಂತ ಪೈನ್ ಮರ. ಬೆಂಕಿಯ ಗೋಡೆಯೇ ಊರಿಗೆ ನುಗ್ಗಿದ್ದರೆ ಮೊದಲು ಉರಿಯಬೇಕಾದದ್ದು ಆ ಮರವಲ್ಲವೇ?

ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಜ್ಯಾಕ್ ಕೋಹೆನ್ ಬಹಳ ಹಿಂದೆಯೇ ಇದನ್ನು ಪರೀಕ್ಷಿಸಿದ್ದರು. 1990ರ ದಶಕದ ಕೊನೆಯಲ್ಲಿ ಕೆನಡಾದ ಕಾಡೊಂದಕ್ಕೆ ಬೇಕೆಂದೇ ಬೆಂಕಿಯಿಟ್ಟು, ಅದರೆದುರು ಮರದ ಗೋಡೆಗಳನ್ನು ನಿಲ್ಲಿಸಿದ ಪ್ರಯೋಗ ಅದು. ಹತ್ತು ಮೀಟರ್ ದೂರದವು ಕೆಲವು ಹೊತ್ತಿಕೊಂಡವು; ಮೂವತ್ತು ಮೀಟರ್ ದೂರದವು ಹೊತ್ತಲಿಲ್ಲ. ಮರದ ತುದಿಗೇರಿದ ಉರಿ ಒಂದೆಡೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಗೋಡೆ ಹೊತ್ತುವಷ್ಟು ಕಾಯುವ ಮೊದಲೇ ತಣಿಯುತ್ತದೆ.

ಹಾಗಾದರೆ ಮನೆ ಸುಡುವುದು ಯಾವುದು? ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ತೇಲಿ ಬರುವ ಕಿಡಿ. ಅದು ಮಾಡಿನಂಚಿನ ನೀರಿನ ದೋಣಿಯಲ್ಲಿ ತುಂಬಿದ ಪೈನ್ ಸೂಜಿಗಳ ಮೇಲೆ ಬೀಳುತ್ತದೆ, ಮರದ ಜಗಲಿಯ ಸಂದಿನಲ್ಲಿ ಕೂರುತ್ತದೆ, ಅಟ್ಟಕ್ಕೆ ಗಾಳಿಯಾಡಲೆಂದು ಬಿಟ್ಟ ಕಿಂಡಿಯ ಬಲೆಯಿಂದ ನುಸುಳಿ ಒಳಗಿನಿಂದಲೇ ಮನೆ ಹೊತ್ತಿಸುತ್ತದೆ. ಒಮ್ಮೆ ಹೊತ್ತಿದ ಮನೆ ಗಂಟೆಗಟ್ಟಲೆ ಉರಿಯುತ್ತದೆ. ಆ ಕಾವಿಗೆ ಪಕ್ಕದ ಮನೆಯ ಕಿಟಕಿ ಗಾಜು ಸಿಡಿಯುತ್ತದೆ, ಬೆಂಕಿ ಅಲ್ಲಿಗೂ ಹೋಗುತ್ತದೆ. ಅಲ್ಲಿಂದಾಚೆಗೆ ಕಾಡಿನ ಹಂಗಿಲ್ಲ; ಮನೆಗಳೇ ಸೌದೆ.

ಪ್ಯಾರಡೈಸ್‌ನ ಲೆಕ್ಕವೂ ಇದನ್ನೇ ಹೇಳುತ್ತದೆ: ಕಾಡಿಗಿಂತ ಮನೆಯೇ ಮುಖ್ಯ. 1997ಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ಉಳಿದದ್ದು ಶೇ 11ರಷ್ಟು. ನಂತರ ಕಟ್ಟಿದವುಗಳಲ್ಲಿ ಸುಮಾರು ಶೇ 40. ಪಕ್ಕದ ಮನೆ ಎಷ್ಟು ಹತ್ತಿರವಿತ್ತು ಎನ್ನುವುದೂ ಅಷ್ಟೇ ಮುಖ್ಯವಾಗಿತ್ತು.

ಹವಾಮಾನ ಬಿಸಿಯಾಗುತ್ತಿರುವುದು, ಕಾಡಿನಲ್ಲಿ ಒಣಕಲು ತುಂಬಿರುವುದು ಎರಡೂ ನಿಜ. ಆದರೂ ವಿಮಾನದಿಂದ ನೀರು ಸುರಿಯಲು ತೋರುವ ಉತ್ಸಾಹವನ್ನು ಸರ್ಕಾರಗಳು ಬಡವರ ಹಳೆಯ ಮಾಡುಗಳನ್ನು ಬದಲಿಸಲು ತೋರದಿರುವುದು ದೊಡ್ಡ ಅನ್ಯಾಯವೆಂದೇ ನನ್ನ ಅನಿಸಿಕೆ.

ಕ್ಯಾಲಿಫೋರ್ನಿಯದ ಬೆಟ್ಟದಂಚುಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರು ಇದ್ದಾರೆ. ಅವರಿಗೊಂದು ಮಾತು: ಈ ವಾರವೇ ಮಾಡಿನಂಚಿನ ದೋಣಿಯ ತರಗೆಲೆ ತೆಗೆಯಿರಿ, ಕಿಂಡಿಗಳಿಗೆ ಸಣ್ಣ ಕಣ್ಣಿನ ಲೋಹದ ಬಲೆ ಹಾಕಿಸಿ, ಗೋಡೆಯಿಂದ ಐದಡಿಯೊಳಗೆ ಉರಿಯುವಂಥದ್ದೇನೂ ಇರದಂತೆ ನೋಡಿಕೊಳ್ಳಿ. ಪಕ್ಕದ ಮನೆಯವರಿಗೂ ಹೇಳಿ.