ಬಲ್ಬಿನ ರೋಧ 65 ಓಮೋ, 882 ಓಮೋ?

ಅಟ್ಟದ ಮೇಲೆಲ್ಲೋ 60 ವಾಟಿನ ಹಳೇ ಗುಂಡು ಬಲ್ಬ್ ಉಳಿದಿದ್ದರೆ ಇಳಿಸಿ ತನ್ನಿ. ಮಲ್ಟಿಮೀಟರನ್ನು ಓಮ್ ಗುರುತಿಗೆ ತಿರುಗಿಸಿ, ಎರಡು ಕಡ್ಡಿಗಳನ್ನು ಬಲ್ಬಿನ ಬುಡದ ಎರಡು ಸೀಸದ ಬೊಟ್ಟುಗಳಿಗೆ ಒತ್ತಿ ಹಿಡಿಯಿರಿ. 65ರ ಆಸುಪಾಸಿನ ಅಂಕಿ ಮೂಡುತ್ತದೆ. ಈಗ ಹೈಸ್ಕೂಲಿನ ಲೆಕ್ಕ ಮಾಡಿ. 230 ವೋಲ್ಟಿನ ವರ್ಗವನ್ನು 60ರಿಂದ ಭಾಗಿಸಿದರೆ ಬರುವುದು ಸುಮಾರು 882 ಓಮ್! ಮೀಟರೂ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ.

ಮೀಟರಿಗೆ ರೋಧ ನೇರವಾಗಿ ಕಾಣುವುದಿಲ್ಲ. ಅದಕ್ಕೆ ಅಳೆಯಲು ಬರುವುದು ವೋಲ್ಟೇಜ್ ಮಾತ್ರ. ಹಾಗಾಗಿ ತನ್ನ ಬ್ಯಾಟರಿಯಿಂದ ಒಂದಿಷ್ಟು ಕರೆಂಟನ್ನು ವಸ್ತುವಿನೊಳಗೆ ಹರಿಸಿ, ಅಲ್ಲಿ ಎಷ್ಟು ವೋಲ್ಟೇಜ್ ಬಿತ್ತೆಂದು ನೋಡುತ್ತದೆ. ಉಳಿದದ್ದು ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ. ಅಗ್ಗದ ಹಳದಿ ಮೀಟರುಗಳಲ್ಲಿ ಇನ್ನೊಂದು ಜಾಣತನವಿದೆ. ಒಳಗಿರುವ ನಿಖರ ರೋಧಕವೊಂದನ್ನು ನಮ್ಮ ವಸ್ತುವಿನ ಜೊತೆ ಸರಣಿಯಲ್ಲಿ ಜೋಡಿಸಿ, ಎರಡರಲ್ಲೂ ಒಂದೇ ಕರೆಂಟ್ ಹರಿಸಿ, ವೋಲ್ಟೇಜುಗಳನ್ನು ಹೋಲಿಸುತ್ತವೆ. ಬ್ಯಾಟರಿ ತುಸು ಸೊರಗಿದರೆ ಎರಡೂ ಒಟ್ಟಿಗೇ ಇಳಿಯುತ್ತವೆ, ಅನುಪಾತ ಕದಲುವುದಿಲ್ಲ. ಇಷ್ಟು ಅಗ್ಗದ ಉಪಕರಣದಲ್ಲಿ ಇಂಥ ಉಪಾಯ ಕಂಡಾಗ ನನಗೆ ಖುಷಿಯೇ ಆಗುತ್ತದೆ.

ಮೀಟರು ಹರಿಸುವ ಕರೆಂಟು ಬಲ್ಬಿನ ಟಂಗ್‌ಸ್ಟನ್ ತಂತಿಯನ್ನು ಬೆಚ್ಚಗೂ ಮಾಡದು. ಉರಿಯುವಾಗ ಅದೇ ತಂತಿ 2,000 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರುತ್ತದೆ, ರೋಧ ಹತ್ತು ಹದಿನೈದು ಪಟ್ಟು ಏರಿರುತ್ತದೆ. ಗುಂಡು ಬಲ್ಬುಗಳು ಹೆಚ್ಚಾಗಿ ಸ್ವಿಚ್ ಒತ್ತಿದ ಗಳಿಗೆಯಲ್ಲೇ ಹೋಗುತ್ತಿದ್ದುದು ಇದಕ್ಕೇ. ತಣ್ಣಗಿನ ತಂತಿಗೆ ಕರೆಂಟು ಏಕಾಏಕಿ ನುಗ್ಗುತ್ತದೆ, ಸವೆದ ಜಾಗ ತಡೆಯುವುದಿಲ್ಲ.

ರೋಧ ಅಳೆಯುವಾಗ ಬೇರೆ ಫಜೀತಿಗಳೂ ಇವೆ. ಒಂದು ಮೆಗಾಓಮ್ ರೋಧಕದ ಎರಡೂ ತುದಿಯನ್ನು ಬೆರಳಲ್ಲಿ ಹಿಡಿದು ಅಳೆದರೆ ಕರೆಂಟು ನಮ್ಮ ಮೈಯಲ್ಲೂ ಹರಿಯುತ್ತದೆ, ಅಂಕಿ ಕಡಿಮೆ ಬರುತ್ತದೆ. ಕೈ ಬೆವತಿದ್ದರೆ ಇನ್ನೂ ಕಡಿಮೆ. ಚಿಕ್ಕ ರೋಧಗಳಲ್ಲಿ ತದ್ವಿರುದ್ಧ: ಕಡ್ಡಿಗಳ ವೈರೇ ಕಾಲು ಅರ್ಧ ಓಮ್ ಸೇರಿಸುತ್ತದೆ. ಮೊದಲು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಬಂದ ಅಂಕಿಯನ್ನು ಕಳೆದುಬಿಡಿ. ಇನ್ನು ಕರೆಂಟು ಹರಿಯುತ್ತಿರುವ ಸರ್ಕ್ಯೂಟಿನಲ್ಲಿ ಓಮ್ ಅಳೆಯಹೋದರೆ ಅಂಕಿ ಸುಳ್ಳಾಗುವುದಷ್ಟೇ ಅಲ್ಲ, ಮೀಟರೇ ಸುಡಬಹುದು.

ಗೀಸರಿನ ವಿಷಯದಲ್ಲಂತೂ ಎಚ್ಚರ ಬೇಕು. ಪ್ಲಗ್ ಕಿತ್ತು, ವೈರು ಬಿಚ್ಚಿ ಅಳೆದರೆ 2 ಕಿಲೋವಾಟಿನ ಕಾಯಿಲ್ ಸುಮಾರು 26 ಓಮ್ ತೋರಿಸುತ್ತದೆ. ಕಾಯಿಲ್ ತುಂಡಾಗಿಲ್ಲ ಎನ್ನಲು ಅಷ್ಟು ಸಾಕು. ಆಮೇಲೆ ಒಂದು ಕಡ್ಡಿ ಕಾಯಿಲ್ ತುದಿಗೆ, ಇನ್ನೊಂದು ಲೋಹದ ಮೈಗೆ. ಪರದೆಯ ಎಡತುದಿಯಲ್ಲಿ ಒಂಟಿ 1 ನಿಂತರೆ ಅದು ಒಂದು ಓಮ್ ಅಲ್ಲ, ರೋಧ ಆ ರೇಂಜನ್ನು ಮೀರಿದೆ ಎಂದರ್ಥ. ಸೋರಿಕೆಯಿಲ್ಲವೆಂದು ನೆಮ್ಮದಿಯಾಗುವಂತಿಲ್ಲ, ಏಕೆಂದರೆ ಮೀಟರು ಕೊಟ್ಟಿದ್ದು ಕೆಲವೇ ವೋಲ್ಟ್. ಕೆಲವೊಮ್ಮೆ ಅಷ್ಟಕ್ಕೆ ಬಾಯಿ ಬಿಡದ ನಿರೋಧಕ 230 ವೋಲ್ಟಿಗೆ ಸೋರತೊಡಗುತ್ತದೆ. ಅದಕ್ಕೇ ಬಲ್ಲ ಎಲೆಕ್ಟ್ರಿಷಿಯನ್ ಮೆಗರ್ ಎಂಬ ಉಪಕರಣ ತಂದು, ಅವೇ ಎರಡು ಜಾಗಗಳ ನಡುವೆ 500 ವೋಲ್ಟ್ ಕೊಟ್ಟು ನೋಡುತ್ತಾನೆ.