ಮಳೆಗಾಲದಲ್ಲಿ ಸೋಲಾರ್ ಬ್ಯಾಟರಿಯ ಆರೈಕೆ

ಆರಿದ್ರಾ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯರ ಬಾಯಲ್ಲಿ ಕೊಳೆರೋಗದ ಮಾತಿನ ಜೊತೆಗೆ ಇನ್ನೊಂದು ಮಾತೂ ಕೇಳಿಬರುತ್ತದೆ. ‘ಸೋಲಾರ್ ದೀಪ ಎಂಟು ಗಂಟೆಗೇ ಆರುತ್ತದೆ ಮಾರಾಯ್ರೆ, ಬ್ಯಾಟರಿ ಹೋಯಿತು ಅಂತ ಕಾಣುತ್ತದೆ.’ ಕರೆಂಟಿನ ತಂತಿ ತಲುಪದ, ತಲುಪಿದ್ದರೂ ಮರ ಬಿದ್ದು ವಾರಗಟ್ಟಲೆ ಕತ್ತಲಾಗುವ ಒಂಟಿಮನೆಗಳಿಗೆ ಇದು ಸಣ್ಣ ನಷ್ಟವಲ್ಲ. ಪ್ಯಾನೆಲ್ ಇಪ್ಪತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಬ್ಯಾಟರಿ ಹಾಗಲ್ಲ, ಆರೈಕೆಯಿದ್ದರೆ ಆರೇಳು ವರ್ಷ, ಇಲ್ಲದಿದ್ದರೆ ಎರಡು ಮಳೆಗಾಲ. ನಮ್ಮ ಮೊದಲ ಬ್ಯಾಟರಿಯನ್ನು ನಾವು ಎರಡನೆಯ ಮಳೆಗಾಲದಲ್ಲೇ ಕಳೆದುಕೊಂಡವರಾದ್ದರಿಂದ ಈ ಕುರಿತು ನಾಲ್ಕು ಮಾತು ಬರೆಯುತ್ತಿದ್ದೇವೆ. ಈಗ ಲಿಥಿಯಂ ಬ್ಯಾಟರಿಗಳೂ ಬಂದಿವೆ, ಅವುಗಳ ಕ್ರಮವೇ ಬೇರೆ. ಇಲ್ಲಿ ಹೇಳುವುದೆಲ್ಲ ನೀರು ಹಾಕುವ ಸೀಸದ ಬ್ಯಾಟರಿಯ ವಿಚಾರ.

ಈ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ರೂಪಿಸಿದರು. ಒಳಗಿನ ವ್ಯವಹಾರ ಇಂದಿಗೂ ಅದೇ. ಸೀಸದ ಪ್ಲೇಟುಗಳು, ಅವುಗಳ ನಡುವೆ ನೀರು ಬೆರೆತ ಗಂಧಕಾಮ್ಲ. ದೀಪ ಉರಿಸಿದಂತೆ ಆಮ್ಲದ ಸಾರ ಪ್ಲೇಟುಗಳಿಗೆ ಸೇರಿ ಸೀಸದ ಸಲ್ಫೇಟು ಆಗುತ್ತದೆ, ದ್ರವ ತೆಳ್ಳಗಾಗುತ್ತದೆ. ಬಿಸಿಲು ಬಂದು ಚಾರ್ಜ್ ಆದಾಗ ಅದು ಪ್ಲೇಟನ್ನು ಬಿಟ್ಟು ದ್ರವಕ್ಕೆ ಮರಳುತ್ತದೆ. ಹೊಸ ಸಲ್ಫೇಟು ಮೆದು, ಬೇಗ ಬಿಡುತ್ತದೆ. ವಾರಗಟ್ಟಲೆ ಹಾಗೆಯೇ ಇದ್ದರೆ ಜೋನಿಬೆಲ್ಲದ ಡಬ್ಬಿಯ ತಳದಲ್ಲಿ ಹರಳು ಕೂರುವಂತೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಬಿಸಿಲು ಬಂದರೂ ಆ ಭಾಗ ಸತ್ತಂತೆಯೇ. ಬ್ಯಾಟರಿಯನ್ನು ಕೊಲ್ಲುವುದು ಮಳೆಯಲ್ಲ, ಮಳೆಗಾಲದ ಅರೆಹೊಟ್ಟೆ.

ಲೆಕ್ಕ ಹಾಕಿ ನೋಡೋಣ. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹೆಸರಿಗೆ 1800 ವ್ಯಾಟ್-ಗಂಟೆ ಇದೆ. ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ನಮ್ಮ ಕೈಗೆ ಸಿಗುವುದು 900. ಏಳು ವ್ಯಾಟಿನ ನಾಲ್ಕು ದೀಪ ಐದು ಗಂಟೆ ಉರಿದರೆ 140. 60 ವ್ಯಾಟಿನ ಟಿ.ವಿ. ಮೂರು ಗಂಟೆಗೆ 180. 50 ವ್ಯಾಟಿನ ಫ್ಯಾನು ಆರು ಗಂಟೆಗೆ 300. ಒಟ್ಟು 620, ಇನ್ವರ್ಟರು ನುಂಗುವುದು ಬೇರೆ. (ಮಳೆಗಾಲದಲ್ಲಿ ಫ್ಯಾನು ಏಕೆಂದು ಕೇಳಬಹುದು. ಬಟ್ಟೆ ಒಣಗಿಸಲು ಹಾಕುವವರಿದ್ದಾರೆ, ನಮ್ಮ ಮನೆಯಲ್ಲೇ.) ಮಾರ್ಚ್ ತಿಂಗಳ ಬಿಸಿಲು ಇಷ್ಟನ್ನೂ ಮರುದಿನವೇ ತುಂಬಿಕೊಡುತ್ತದೆ. ಪುನರ್ವಸು ಮಳೆಯಲ್ಲಿ ಅದರ ಕಾಲು ಪಾಲು ಬಂದರೆ ಪುಣ್ಯ. ಎರಡು ರಾತ್ರಿಗೆ ಅರ್ಧ ಖಾಲಿ, ಮೂರನೆಯ ರಾತ್ರಿಯಿಂದ ಹಾನಿ ಆರಂಭ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೀಪ ಮತ್ತು ಮೊಬೈಲಿಗೆ ಮಾತ್ರ ಎಂದು ಮನೆಯಲ್ಲಿ ಕಟ್ಟು ಮಾಡಿಕೊಳ್ಳುವುದು ಒಳ್ಳೆಯದು. ಜನರೇಟರ್ ಇರುವವರು ಹದಿನೈದು ದಿನಕ್ಕೊಮ್ಮೆ ಸರಿಯಾದ ಚಾರ್ಜರಿನಿಂದ ಪೂರ್ತಿ ತುಂಬಿಸಲಿ. 150ರ ಬ್ಯಾಟರಿಗೆ 15 ಆಂಪಿಯರ್ ಸಾಕು. ಅರ್ಧ ಖಾಲಿಯಾದದ್ದು ತುಂಬಲು ಏಳೆಂಟು ಗಂಟೆ ಬೇಕು. ಒಂದು ಗಂಟೆ ಓಡಿಸಿ ನಿಲ್ಲಿಸಿದರೆ ಡೀಸೆಲ್ ಖರ್ಚು ಮಾತ್ರ.

ತುಂಬಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ಹೊಳೆಯುವ ಚಾಕು ಅದ್ದಿ ನೋಡುವವರು ನಾವು. ಬ್ಯಾಟರಿಗೆ ಹೈಡ್ರೋಮೀಟರ್ ಅಂಥದೇ ಚಾಕು. ನಮ್ಮ ಟ್ಯೂಬುಲರ್ ಬ್ಯಾಟರಿಯಲ್ಲಿ ಪೂರ್ತಿ ತುಂಬಿದಾಗ 1240 ತೋರಿಸುತ್ತದೆ, 1190ರ ಹತ್ತಿರ ಬಂದರೆ ಅರ್ಧ ಖಾಲಿ. ನಿಮ್ಮದರ ಅಂಕೆಯನ್ನು ಬ್ಯಾಟರಿಯ ಮೇಲಿನ ಚೀಟಿಯಲ್ಲಿ ನೋಡಿಕೊಳ್ಳಿ. ಆರೂ ಸೆಲ್ ಅಳೆಯಬೇಕು. ಚಾರ್ಜ್ ಆದ ಮೇಲೂ ಒಂದು ಮಾತ್ರ 30-40 ಅಂಕೆ ಹಿಂದೆ ಉಳಿದರೆ ರೋಗ ಅಲ್ಲಿದೆ. ನೀರು ಹಾಕಿದ ಕೂಡಲೇ ಅಳೆದರೆ ಅಂಕೆ ಸುಳ್ಳು ಹೇಳುತ್ತದೆ.

ಇನ್ನು ನಮ್ಮ ಬ್ಯಾಟರಿಯ ಕಥೆ. ದೀಪ ಮಂಕಾದಾಗ ನೋಡಲು ಬಂದವನೊಬ್ಬ ‘ಆಸಿಡ್ ಕಡಿಮೆಯಾಗಿದೆ’ ಎಂದು ಪ್ರತಿ ಸೆಲ್ಲಿಗೂ ಹೊಸ ಆಮ್ಲ ಸುರಿದ. ಹೈಡ್ರೋಮೀಟರಿನ ಅಂಕೆ ಏರಿತು, ಎರಡು ರಾತ್ರಿ ದೀಪ ಚೆನ್ನಾಗಿಯೇ ಉರಿಯಿತು. ನಾವೂ ಸಂತೋಷಪಟ್ಟು ಹಣ ಕೊಟ್ಟು ಕಳಿಸಿದೆವು. ಆಮ್ಲ ಎಲ್ಲಿಗೂ ಹೋಗಿರಲಿಲ್ಲ, ಪ್ಲೇಟಿನ ಮೇಲೆ ಸಲ್ಫೇಟಾಗಿ ಕುಳಿತಿತ್ತು ಎಂಬುದು ಆಗ ತಿಳಿದಿರಲಿಲ್ಲ. ಹೆಚ್ಚಿನ ಆಮ್ಲ ಪ್ಲೇಟುಗಳನ್ನೇ ತಿಂದು ದೀಪಾವಳಿಯ ಹೊತ್ತಿಗೆ ಬ್ಯಾಟರಿ ಪೂರ್ತಿ ಮುಗಿಯಿತು. ದ್ರವ ಚೆಲ್ಲದ ಹೊರತು ಬ್ಯಾಟರಿಯಿಂದ ಕಡಿಮೆಯಾಗುವುದು ನೀರು ಮಾತ್ರ. ಹಾಕಬೇಕಾದ್ದೂ ನೀರು ಮಾತ್ರ, ಅದೂ ಡಿಸ್ಟಿಲ್ಡ್ ವಾಟರ್. ಬಾವಿ ನೀರು ಕುಡಿಯಲು ಎಷ್ಟೇ ಸಿಹಿಯಿರಲಿ, ಅದರಲ್ಲಿರುವ ಕಬ್ಬಿಣದ ಅಂಶ ಮತ್ತು ಲವಣ ಬ್ಯಾಟರಿಗೆ ವಿಷ. ಫಿಲ್ಟರಿನ ನೀರೂ ಬೇಡ. ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಬೇಕು. ಮೊದಲೇ ತುಂಬಿದರೆ ದ್ರವ ಉಬ್ಬಿ ಹೊರಚೆಲ್ಲುತ್ತದೆ. ಪ್ಲೇಟು ಹೊರಗೆ ಕಾಣುತ್ತಿದ್ದರೆ ಮಾತ್ರ ಅದು ಮುಳುಗುವಷ್ಟು ಮೊದಲು ಹಾಕಿ, ಉಳಿದದ್ದು ಆಮೇಲೆ.

ಚಾರ್ಜ್ ಮುಗಿಯುವ ಹೊತ್ತಿಗೆ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಬೀಡಿಯ ಕಿಡಿ ಸಾಕು. ಬೆಚ್ಚಗಿರಲೆಂದು ಬಚ್ಚಲೊಲೆಯ ಪಕ್ಕ ಬ್ಯಾಟರಿ ಇಟ್ಟಿರುವ ಎರಡು ಮನೆಗಳನ್ನು ಈಚೆಗೆ ಕಂಡೆವು. ಕಿಡಿಯೂ ಅಪಾಯ, ಸೆಖೆಯೂ ಆಯುಸ್ಸಿಗೆ ಕೇಡು. ಕಿಟಕಿಯಿರುವ ತಂಪು ಜಾಗದಲ್ಲಿ ಮರದ ಹಲಗೆಯ ಮೇಲಿಡಿ. ತುದಿಗಳಿಗೆ ಕಟ್ಟುವ ಹಸಿರು-ಬಿಳಿ ಪುಡಿಯನ್ನು ಅಡುಗೆ ಸೋಡಾದ ನೀರಿನಿಂದ ಒರೆಸಿ, ಒಣಗಿಸಿ ವ್ಯಾಸಲೀನ್ ಹಚ್ಚಿ. ಆಗ ಸೆಲ್ಲಿನ ಮುಚ್ಚಳಗಳು ಭದ್ರವಾಗಿರಲಿ, ಸೋಡಾ ಒಳಗಿಳಿಯಬಾರದು. ಕೈಯುಂಗುರ ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿ ಕೆಲಸ ಮಾಡಿ. ಆಮ್ಲ ಸಿಡಿದರೆ ಧಾರಾಳ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಡಾಕ್ಟರರಲ್ಲಿಗೆ ಹೊರಡಿ.

ಸತ್ತ ಬ್ಯಾಟರಿಯನ್ನು ಒಡೆದು ಆಮ್ಲವನ್ನು ಹಳ್ಳಕ್ಕೆ ಚೆಲ್ಲುವುದು ಬೇಡ. ಹೊಸದು ಕೊಳ್ಳುವಾಗ ಅಂಗಡಿಗೇ ಹಿಂತಿರುಗಿಸಿದರೆ ಸೀಸದ ಬೆಲೆಯಾದರೂ ವಜಾ ಆಗುತ್ತದೆ.

ಸಂಘದ ಕಚೇರಿಯಲ್ಲಿ ಒಂದು ಹೈಡ್ರೋಮೀಟರ್ ಇರಿಸಿದ್ದೇವೆ. ಸದಸ್ಯರು ಪುಸ್ತಕದಲ್ಲಿ ಹೆಸರು ಬರೆದು ಎರಡು ದಿನದ ಮಟ್ಟಿಗೆ ಒಯ್ಯಬಹುದು. ಗಾಜಿನದು, ಬೈಕಿನ ಬಾಕ್ಸಿನಲ್ಲಿ ಹಾಕುವಾಗ ಬಟ್ಟೆ ಸುತ್ತಿರಿ, ಹಿಂತಿರುಗಿಸುವಾಗ ನೀರಿನಲ್ಲಿ ತೊಳೆದು ತನ್ನಿ.