ತುಪ್ಪವೂ ಎಣ್ಣೆಯೂ: ‘ಜ್ಯೋತಿ’ ಎಂಬ ಒಂದು ಧ್ವನಿಮುದ್ರಿಕೆ

ಕನ್ನಡದಲ್ಲಿ ಕಾವ್ಯ ಬರೆಯಹೊರಟು ಸಂಸ್ಕೃತವನ್ನು ತಂದು ತುರುಕುವವರನ್ನು ಕಂಡು, ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕುದೆ ಎಂದು ಕೇಳಿದವನು ನಯಸೇನ. ಅವನು ‘ಧರ್ಮಾಮೃತ’ವನ್ನು ರಚಿಸಿದ್ದು 1112ರಲ್ಲಿ. ಒಂಬೈನೂರು ವರ್ಷ ಸಂದರೂ ಆ ಪ್ರಶ್ನೆಗೆ ಮುಪ್ಪು ಬಂದಿಲ್ಲ. ತುಪ್ಪವೂ ಒಳ್ಳೆಯದೆ, ಎಣ್ಣೆಯೂ ಒಳ್ಳೆಯದೆ. ಬೆರೆತಾಗ ಎರಡರ ಸ್ವಾದವೂ ಕೆಡುವುದಲ್ಲ ಎಂಬುದೇ ಅವನ ಅಳಲು.

ನಮ್ಮ ತುಮಕೂರು ಸೀಮೆಯಲ್ಲಿ ಈ ಪ್ರಶ್ನೆ ಇಂದು ದಿನನಿತ್ಯದ್ದಾಗಿದೆ. ವಸಂತನರಸಾಪುರದ ಸುತ್ತ ಹೊಲಗಳಿದ್ದೆಡೆ ಕಾರ್ಖಾನೆಗಳು ಎದ್ದಿವೆ; ಹೊರಗಿನ ಕಾರ್ಮಿಕರು ಬಂದು ನೆಲೆಸಿದ್ದಾರೆ. ಆ ಕಡೆಯಿಂದ ಕಾಲೇಜಿಗೆ ಬರುವ ಮಕ್ಕಳ ಕಿವಿಯಲ್ಲಿ ಅಜ್ಜಿಯ ಸೋಬಾನೆಯೂ ಉಂಟು, ಹಿಂದಿಯ ಹಾಡೂ ಉಂಟು, ಕಡಲಾಚೆಯ ವಾದ್ಯಮೇಳವೂ ಉಂಟು. ಇಷ್ಟೆಲ್ಲ ಬೆರೆತ ಮೇಲೆ ನಮ್ಮದೆಂಬುದು ಏನು ಉಳಿಯುತ್ತದೆ ಎಂದು ಷಟ್ಪದಿಯ ಪಾಠದ ನಡುವೆ ಯಾರಾದರೂ ಕೇಳಿದರೆ, ಉಪದೇಶ ಮಾಡುವುದಕ್ಕಿಂತ ಒಂದು ಧ್ವನಿಮುದ್ರಿಕೆಯ ಕಥೆಯನ್ನು ಹೇಳುವುದು ಲೇಸೆಂದು ನಾನು ಬಗೆದಿದ್ದೇನೆ.

ಅದರ ಹೆಸರು ‘ಜ್ಯೋತಿ’. ಅದು ಸಿದ್ಧವಾದದ್ದು 1983ರ ಫೆಬ್ರವರಿಯಲ್ಲಿ, ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಪಟ್ಟಣದ ಬೌವರ್ ಸ್ಟುಡಿಯೋದಲ್ಲಿ. ಅದನ್ನು ಹೊರತಂದದ್ದು ಮ್ಯಾನ್‌ಫ್ರೆಡ್ ಐಷರ್ ಅವರ ಇ.ಸಿ.ಎಂ. ಸಂಸ್ಥೆ. ನುಡಿಸಿದವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು. 1964ರಲ್ಲಿ ಆ ತಾಳವಾದ್ಯ ವಿದ್ಯಾಲಯವನ್ನು ಸ್ಥಾಪಿಸಿದ ಟಿ. ಎ. ಎಸ್. ಮಣಿ ಅವರದು ಮೃದಂಗ. ಅವರ ಪತ್ನಿ ಆರ್. ಎ. ರಮಾಮಣಿ ಅವರದು ಗಾಯನ ಮತ್ತು ತಂಬೂರಿ, ಆರ್. ಎ. ರಾಜಗೋಪಾಲ್ ಅವರದು ಘಟ, ಮೋರ್ಸಿಂಗ್, ಟಿ. ಎನ್. ಶಶಿಕುಮಾರ್ ಅವರದು ಖಂಜಿರ. ಐದನೆಯವರು ಚಾರ್ಲಿ ಮರಿಯಾನೊ. ಸ್ಯಾಕ್ಸೊಫೋನ್ ಮತ್ತು ಕೊಳಲು ಅವರವು.

ಮರಿಯಾನೊ 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವರು. ಜಾಝ್ ಸಂಗೀತದ ಮಹಾಶಯರಲ್ಲೊಬ್ಬರಾದ ಚಾರ್ಲ್ಸ್ ಮಿಂಗಸ್ ಅವರ 1963ರ ಪ್ರಸಿದ್ಧ ಧ್ವನಿಮುದ್ರಿಕೆಯಲ್ಲಿ ನುಡಿಸಿದವರು. ಇಷ್ಟು ಕೀರ್ತಿ ಬಂದ ಮೇಲೆ ಮನೆಯಲ್ಲಿ ಕುಳಿತು ಉಣ್ಣಬಹುದಿತ್ತು. ಅವರಾದರೋ 1960ರ ದಶಕದಲ್ಲಿ ಮಲೇಷ್ಯಾಕ್ಕೆ ಹೋದಾಗ ನಾಗಸ್ವರವನ್ನು ಕೇಳಿ ಮಾರುಹೋಗಿ, ನಡುವಯಸ್ಸಿನಲ್ಲಿ ಶಿಷ್ಯವೃತ್ತಿಗೆ ನಿಂತರು. ಆ ಕಲಿಕೆಯನ್ನು ಮುಂದುವರಿಸಲು ದಕ್ಷಿಣ ಭಾರತಕ್ಕೂ ಬಂದರು. ‘ಜ್ಯೋತಿ’ಯನ್ನು ನುಡಿಸುವಾಗ ಅವರಿಗೆ ಅರುವತ್ತರ ಹತ್ತಿರದ ಪ್ರಾಯ.

ಈ ಎರಡು ಸಂಗೀತಗಳ ಸ್ವಭಾವವನ್ನು ನೋಡಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬ ಮಾತು ನೆನಪಾಗುತ್ತದೆ. ಜಾಝ್‌ನಲ್ಲಿ ಸಾಮಾನ್ಯವಾಗಿ ಪಿಯಾನೊ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿ, ಆ ಸ್ವರಗುಚ್ಛಗಳನ್ನು ಬದಲಿಸುತ್ತ ಹೋಗುತ್ತದೆ. ವಾದಕನು ಆ ಬದಲಾವಣೆಯ ಬೆನ್ನು ಹತ್ತಿ ತನ್ನ ಕಲ್ಪನೆಯನ್ನು ಹರಿಸುತ್ತಾನೆ. ನಮ್ಮಲ್ಲಾದರೋ ಷಡ್ಜವು ಕದಲುವುದಿಲ್ಲ. ತಂಬೂರಿಯ ಶ್ರುತಿಯೆಂಬ ನೆಲದ ಮೇಲೆ ರಾಗವು ಬೆಳೆಯಬೇಕು. ಹೀಗಿರುವಾಗ ಎರಡನ್ನೂ ಒಂದೇ ಪಾತ್ರೆಗೆ ಸುರಿದರೆ ನಯಸೇನನ ಶಂಕೆ ನಿಜವಾಗುವುದೇ ಸರಿ.

‘ಜ್ಯೋತಿ’ಯಲ್ಲಿ ಹಾಗಾಗಲಿಲ್ಲ. ಅಲ್ಲಿ ಪಿಯಾನೊ ಇಲ್ಲ. ಪಾಶ್ಚಾತ್ಯರ ಡ್ರಮ್ಮೂ ಇಲ್ಲ. ತನ್ನ ಸಂಗೀತವು ಒರಗಿಕೊಳ್ಳುತ್ತಿದ್ದ ಎರಡು ಕಂಬಗಳನ್ನು ಹೊರಗಿರಿಸಿಯೇ ಅತಿಥಿಯು ಮನೆಯೊಳಗೆ ಬಂದಿದ್ದಾನೆ. ಆತಿಥೇಯರೂ ಸುಮ್ಮನಿಲ್ಲ: ಕಚೇರಿಯ ಪದ್ಧತಿಯಂತೆ ವರ್ಣದಿಂದ ಮಂಗಳದವರೆಗೆ ಸಾಗುವ ಕ್ರಮವನ್ನು ಬಿಟ್ಟು ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’ ಮುಂತಾಗಿ ಹೆಸರಿಟ್ಟ ಹೊಸ ರಚನೆಗಳಿಗೆ ಕೈಹಾಕಿದ್ದಾರೆ. ಇಬ್ಬರೂ ಏನನ್ನೋ ಬಿಟ್ಟುಕೊಟ್ಟರು. ಹಾಗಾದರೆ ಇಬ್ಬರೂ ನಿಂತ ನೆಲ ಯಾವುದು? ಲಯದ ಎಣಿಕೆ ಎಂದು ನನ್ನ ಉತ್ತರ.

ತಾಳವಾದ್ಯದ ಪಾಟಾಕ್ಷರಗಳನ್ನು ಬಾಯಲ್ಲಿ ನುಡಿಯುವ ಕಲೆಗೆ ಕೊನ್ನಕೋಲು ಎಂದು ಹೆಸರು. ‘ತಕಿಟ’ ಎಂದರೆ ಮೂರು, ‘ತಕದಿಮಿ’ ಎಂದರೆ ನಾಲ್ಕು, ‘ತಕತಕಿಟ’ ಎಂದರೆ ಐದು. ಕನ್ನಡ ಛಂದಸ್ಸನ್ನು ಓದಿದವರಿಗೆ ಇದು ಹೊಸದಲ್ಲ. ಮೂರರದು ಉತ್ಸಾಹ ರಗಳೆಯ ನಡೆ, ನಾಲ್ಕರದು ಮಂದಾನಿಲದ್ದು, ಐದರದು ಲಲಿತದ್ದು. ಮೂರು ನಾಲ್ಕುಗಳನ್ನು ಜೋಡಿಸಿ ‘ತಕಿಟ ತಕದಿಮಿ’ ಎಂದು ನುಡಿದು ನೋಡಿ. ಕುಮಾರವ್ಯಾಸನು ಮಹಾಭಾರತವನ್ನು ಹರಿಯಬಿಟ್ಟ ಭಾಮಿನಿ ಷಟ್ಪದಿಯ ಗತಿಯೇ ಅದು. ಜಾಝ್‌ನಲ್ಲಿ ಬಹುಕಾಲ ನಾಲ್ಕರ ಎಣಿಕೆಯೇ ಪ್ರಧಾನವಾಗಿತ್ತು. 1959ರಲ್ಲಿ ಡೇವ್ ಬ್ರೂಬೆಕ್ ಅವರ ತಂಡವು ‘ಟೇಕ್ ಫೈವ್’ ಎಂಬ ಐದರ ನಡೆಯ ರಚನೆಯನ್ನು ನುಡಿಸಿದಾಗ ಅದೊಂದು ಸಾಹಸವೆನಿಸಿತು. ಲಕ್ಷ್ಮೀಶನ ವಾರ್ಧಕ ಷಟ್ಪದಿಯಲ್ಲಿ ಆ ಐದು ಶತಮಾನಗಳ ಹಿಂದೆಯೇ ನಡೆದಾಡಿದೆ. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ. ಇಂಥ ಎಣಿಕೆ ಮೈಗೂಡಿದವರ ಜತೆ ನುಡಿಸಲು ಬಂದವನಿಗೆ ತಾನೂ ಎಣಿಸಲು ಕಲಿಯದೆ ಗತಿಯಿರಲಿಲ್ಲ ಎಂಬುದಷ್ಟೇ ತಾತ್ಪರ್ಯ. ಮರಿಯಾನೊ ಕಲಿತರು. ಆದುದರಿಂದಲೇ ಅವರ ವಾದನದಲ್ಲಿ ಮೇಲೆ ಅಂಟಿಸಿದ ಬಣ್ಣ ಕಾಣುವುದಿಲ್ಲ.

ಬೆರಕೆ ನಮಗೆ ಹೊಸದೂ ಅಲ್ಲ. 1884ರಲ್ಲಿ ಮೊದಲಾದ ಗುಬ್ಬಿ ನಾಟಕ ಕಂಪನಿಯ ರಂಗಗೀತೆಗಳನ್ನು ಹಾರ್ಮೋನಿಯಂ ಇಲ್ಲದೆ ನೆನೆಯಲಾದೀತೆ? ಅದು ಯೂರೋಪಿನಿಂದ ಬಂದ ವಾದ್ಯ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿದ ಕದ್ರಿ ಗೋಪಾಲನಾಥರು, ವರ್ಷಗಟ್ಟಲೆ ಸಾಧನೆ ಮಾಡಿ ಅದರಿಂದ ಗಮಕಗಳನ್ನು ಹೊರಡಿಸಿದರು. ಮರಿಯಾನೊ ನಾಗಸ್ವರವನ್ನು ಅರಸಿ ಈ ಕಡೆಗೆ ಬಂದರು. ನಾಗಸ್ವರದ ಮನೆತನದ ಕದ್ರಿಯವರು ಸ್ಯಾಕ್ಸೊಫೋನನ್ನು ಅರಸಿ ಆ ಕಡೆಗೆ ಹೋದರು. ಇಬ್ಬರೂ ಸುಲಭದ ದಾರಿ ಹಿಡಿಯಲಿಲ್ಲ.

ಸಾಹಿತ್ಯದಲ್ಲೂ ಇದೇ ನ್ಯಾಯ. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದಾಗ ಕನ್ನಡ ಕವಿತೆ ಹೊಸ ಹಾದಿ ಹಿಡಿಯಿತು. ಆದರೆ ಹಳಗನ್ನಡವನ್ನೂ ನಮ್ಮ ಮಾತ್ರಾಗಣಗಳನ್ನೂ ಅರೆದು ಕುಡಿದಿದ್ದ ಪಂಡಿತರು ಅವರು. ಹೊರಗಿನ ಭಾವವನ್ನು ಒಳಗಿನ ಎಣಿಕೆಯ ಮೇಲೆ ನಿಲ್ಲಿಸಿದರು.

ನಯಸೇನನ ಎಚ್ಚರಿಕೆಯನ್ನು ತಳ್ಳಿಹಾಕಬೇಕಾಗಿಲ್ಲ. ತನ್ನದನ್ನೂ ಅರಿಯದೆ, ಪರರದನ್ನೂ ಕಲಿಯದೆ, ಎರಡನ್ನೂ ಕಲಕುವವನಿಗೆ ಅದು ಇಂದಿಗೂ ಸಲ್ಲುತ್ತದೆ. ಅಂಥ ಕಲಸುಮೇಲೋಗರವನ್ನು ನಾವು ನಿತ್ಯವೂ ಕೇಳುತ್ತಿದ್ದೇವೆ. ನಮ್ಮ ಮಕ್ಕಳು ಲೋಕದ ಸಂಗೀತವನ್ನೆಲ್ಲ ಕೇಳಲಿ. ಬೇಡವೆನ್ನಲು ನಾವು ಯಾರು? ಅದರ ಜೊತೆಗೆ ಭಾಮಿನಿಯ ಮೂರು ನಾಲ್ಕನ್ನು ಕೈತಟ್ಟಿ ಎಣಿಸಲು ಕಲಿಸುವ ಹೊಣೆ ಮಾತ್ರ ನಮ್ಮ ಮೇಲಿದೆ. ಎಣಿಕೆ ಬಲ್ಲವನಿಗೆ ಯಾವ ಮೇಳದಲ್ಲಿಯೂ ಒಂದು ಜಾಗ ದೊರೆಯುತ್ತದೆ.